ಕುಂಜೆಸ್ ಬೇಡವೆಂದ ನೀರು

ಕುಂಜೆಸ್ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಏನನ್ನೂ ಕೊಳ್ಳಲಿಲ್ಲ. ಖಾಲಿ ಡಬ್ಬ ಇದೆಯೇ ಎಂದು ಕೇಳಿದಳು. ಎಣ್ಣೆಯದಾಗಲಿ, ಹಾಲಿನ ಪುಡಿಯದಾಗಲಿ, ತಳ ಕಿತ್ತಿದ್ದರೆ ಇನ್ನೂ ಒಳ್ಳೆಯದು ಅಂದಳು. ತುಂಬಿದ ಡಬ್ಬ ಮಾರಿ ಬದುಕುವವನಿಗೆ ಅಂಥ ಗಿರಾಕಿ ದೇವರು ಕಳಿಸಿದ ತಮಾಷೆ. ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದದ್ದನ್ನೆಲ್ಲ ಕೊಟ್ಟೆ. ಬೆನ್ನಿನ ಬುಟ್ಟಿಗೆ ತುಂಬಿಕೊಂಡು ಗಡಗಡ ಸದ್ದು ಮಾಡುತ್ತ ಹಳ್ಳದ ಕಡೆಗೆ ಇಳಿದುಹೋದಳು. ನಮ್ಮೂರು ಶಾರ್ಲುಂಗಿನ ನಾಯಿಗಳೆಲ್ಲ ಬೊಗಳುತ್ತ ಅವಳನ್ನು ಮನೆ ಮುಟ್ಟಿಸಿ ಬಂದವು.

ಆಗಷ್ಟೇ ಅವಳು ಘಾಟಿಯಿಂದ ಇಳಿದು ಬಂದಿದ್ದಳು. ಹುಡುಗಿಯಾಗಿದ್ದಾಗ ರಸ್ತೆ ಕೆಲಸದ ಕ್ಯಾಂಪಿಗೆ ಅಡುಗೆಗೆಂದು ಹೋದವಳು ಕೂದಲು ನರೆಯುವ ತನಕ ಅಲ್ಲೇ ಉಳಿದಳು. ಘಾಟಿಯ ಮೇಲೆ ಹಾವಸೆ ಕೂಡ ಯೋಚನೆ ಮಾಡಿ ಬೆಳೆಯುತ್ತದೆ. ಸೀಮೆಎಣ್ಣೆಯ ಒಲೆ, ಟಾರಿನ ವಾಸನೆ, ಎಷ್ಟು ಹೊತ್ತಾದರೂ ಬೇಯದ ಬೇಳೆ. ಅಂಥ ಕಡೆ ಅವಳು ಒಲೆಯ ಬೆನ್ನಿಗೆ ಒಂದು ಡಬ್ಬವಿಟ್ಟು, ಅದರಲ್ಲಿ ಈರುಳ್ಳಿ ಊರಿ ಹಸಿರು ಎಲೆ ಬರಿಸಿದ್ದಳಂತೆ. ಕ್ಯಾಂಪಿನ ಗಂಡಸರು ಅದನ್ನು ಕಿತ್ತು ತಿನ್ನಲಿಲ್ಲ. ಊಟಕ್ಕೆ ಮುಂಚೆ ಒಬ್ಬೊಬ್ಬರೇ ಬಂದು ನೋಡಿಕೊಂಡು ಹೋಗುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ಲಾರಿ ಡ್ರೈವರ್ ಗುರ್ಮೆತ್. ಅವನ ಮಾತಿನಲ್ಲಿ ಅರ್ಧವನ್ನು ನಾನು ಸಗಟು ದರಕ್ಕೂ ಕೊಳ್ಳುವವನಲ್ಲ. ಇದನ್ನು ಮಾತ್ರ ನಂಬಿದೆ.

ಮಂಡಿ ಸೋತ ಮೇಲೆ ಊರಿಗೆ ಬಂದಳು. ಹಿರಿಮನೆಯನ್ನು ಮಗ ಸೊಸೆಗೆ ಬಿಟ್ಟು, ವಯಸ್ಸಾದವರೂ ಮದುವೆಯಾಗದ ಹೆಣ್ಣುಮಕ್ಕಳೂ ಪಕ್ಕದ ಕಿರಿಮನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಅಣ್ಣ ಮೊರುಪ್ ತಂಗಿಗೆ ಕಿರಿಮನೆ ಕೊಟ್ಟ. ಜೊತೆಗೆ ಊರಿನ ಕೆಳತುದಿಯಲ್ಲಿ, ಕಾಲುವೆ ಹೋಗಿ ಹಳ್ಳಕ್ಕೆ ಬೀಳುವ ಕಡೆ, ಒಂದು ಪಟ್ಟಿ ನೆಲವನ್ನೂ ಕೊಟ್ಟ. ಧಾರಾಳಿ. ಅದು ನೆಲ ಎಂದು ಗೊತ್ತಿದ್ದದ್ದು ಅವನೊಬ್ಬನಿಗೇ. ನಾವೆಲ್ಲ ಅದನ್ನು ಕಲ್ಲುರಾಶಿ ಅಂದುಕೊಂಡಿದ್ದೆವು. ಲಡಾಖಿನಲ್ಲಿ ಜಾಗಕ್ಕೆ ಯಾವತ್ತೂ ಬರವಿಲ್ಲ. ನೀರು ಮುಟ್ಟಿದ್ದು ಹೊಲ, ಮುಟ್ಟದ್ದು ಬೆಟ್ಟ.

ಕಲ್ಲು ಆರಿಸಿ ಆರಿಸಿ ಸುತ್ತ ಗೋಡೆ ಕಟ್ಟಿದಳು. ಗೋಡೆ ಎದೆಯುದ್ದ ಬಂದರೂ ಕಲ್ಲು ಮುಗಿಯಲಿಲ್ಲ. ಕೆರೆಯ ಹೂಳು ಹೊತ್ತು ತಂದಳು, ಕುರಿಹಿಕ್ಕೆ ತಂದಳು. ವಸಂತ ಬಂದಾಗ ಊರವರೆಲ್ಲ ಮನೆಯ ಕೆಳಕೋಣೆಯಿಂದ ಪಾಯಿಖಾನೆಯ ಗೊಬ್ಬರ ಹೊರಗೆ ಹಾಕುತ್ತಾರೆ. ಚಳಿಗಾಲವಿಡೀ ಬೂದಿ, ಮಣ್ಣು ಬಿದ್ದು ಕಳಿತು ಪುಡಿಯಾದದ್ದು, ವಾಸನೆಯೂ ಇರುವುದಿಲ್ಲ. ಆಳು ಕಡಿಮೆಯಿರುವ ಮನೆಗಳಿಗೆ ಹೋಗಿ ಆ ಕೆಲಸವನ್ನು ತಾನೇ ಮಾಡಿಕೊಟ್ಟು, ಅದರಲ್ಲಿ ಪಾಲು ತರುತ್ತಿದ್ದಳು.

"ಯಾರ ಮನೇಲಿ ಏನು ತಿಂತಾರೆ ಅಂತ ಈಗ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಬಿಡು," ಅಂತ ನಾನು ಒಮ್ಮೆ ಕೆಣಕಿದೆ.

"ಎಲ್ಲರ ಮನೇದೂ ಗೊತ್ತು ಅಚೊ," ಅಂದಳು. "ನಿಮ್ಮನೇದೇ ಗೊತ್ತಾಗಲ್ಲ. ಒಳಗೆ ತಗೊಂಡಿದ್ದನ್ನ ಹೊರಗೆ ಬಿಡೋ ಅಭ್ಯಾಸ ಅಂಗಡಿಯೋರಿಗೆ ಎಲ್ಲಿರುತ್ತೆ!"

ಅಚೊ ಅಂದರೆ ಅಣ್ಣ. ನನ್ನ ಹೆಸರು ಯೂನುಸ್. ನಮ್ಮ ತಾತ ಬೆಟ್ಟಗಳಾಚೆಯ ಯಾರ್ಕಂದಿನಿಂದ ವ್ಯಾಪಾರದ ಕುದುರೆಗಳ ಜೊತೆ ಬಂದು, ಇಲ್ಲಿಯ ಹೆಣ್ಣನ್ನು ಕಟ್ಟಿಕೊಂಡು ಉಳಿದವನು. ಕುದುರೆಗಳು ಹೋದವು, ವ್ಯಾಪಾರ ಉಳಿಯಿತು. ಮಾತಿನಲ್ಲಿ ನನ್ನನ್ನು ಗೆದ್ದವರು ಕಡಿಮೆ; ಅವತ್ತು ಒಂದು ಪೊಟ್ಟಣ ಮೂಲಂಗಿ ಬೀಜವನ್ನು ಬಿಟ್ಟಿ ಕೊಟ್ಟು ಕಳಿಸಿದೆ.

ಡಬ್ಬಗಳು ಯಾಕೆ ಎಂಬುದು ಆಮೇಲೆ ತಿಳಿಯಿತು. ನೆಟ್ಟ ವಿಲೋ ಕಡ್ಡಿಗಳಿಗೆ ಅಂಗಿಯ ತೋಳಿನ ಹಾಗೆ ಡಬ್ಬ ತೊಡಿಸಿದಳು, ಕತ್ತೆಗಳು ತೊಗಟೆ ಕಚ್ಚದಿರಲಿ ಎಂದು. ಮಿಕ್ಕವನ್ನು ಸಂಜೆ ಎಳೆ ಸಸಿಗಳ ಮೇಲೆ ಬೋರಲು ಹಾಕುವುದು, ಬಿಸಿಲೇರಿದ ಮೇಲೆ ತೆಗೆಯುವುದು. ನಮ್ಮ ವಸಂತವೇ ಹಾಗೆ. ಮಧ್ಯಾಹ್ನ ಮೂಗಿನ ಚರ್ಮ ಸುಲಿಯುತ್ತದೆ, ಸಂಜೆ ಅದೇ ಮೂಗು ಮರಗಟ್ಟುತ್ತದೆ. ಜರದಾಳು ಮರ ಹೂವುದುರಿಸಿ ಕಾಯಿ ಕಟ್ಟಿದ ಮೇಲೂ ಒಂದು ಬೆಳಗ್ಗೆ ಮಂಜು ಬಡಿದು ಎಲೆ ಕಪ್ಪಾಗುವುದುಂಟು. ಇನ್ನು ಗಾಳಿ. ಎತ್ತರದ ಮಡಿ ಮಾಡಿದರೆ ಮಣ್ಣು ಎರಡೇ ದಿನಕ್ಕೆ ಒಣಗಿ ಪಕ್ಕದ ಊರಿಗೆ ಹಾರಿಹೋಗುತ್ತದೆ. ಅದಕ್ಕೇ ಅವಳು ಪಾತಿಗಳನ್ನು ನೆಲಕ್ಕಿಂತ ತಗ್ಗಿನಲ್ಲಿ, ಗೋಡೆಯ ಮರೆಯಲ್ಲಿ ತೋಡಿದಳು. ನೋಡಿದವರು ಯಾರಿಗೋ ಗೋರಿ ತೋಡುತ್ತಿದ್ದಾಳೆ ಅಂದುಕೊಳ್ಳಬೇಕು.

ನೀರು ಮಾತ್ರ ಅವಳದ್ದಲ್ಲ. ಮೊರುಪನ ಸರದಿಯಲ್ಲಿ ಮಿಕ್ಕರೆ ಸಿಕ್ಕಿತು. ಇಲ್ಲವಾದರೆ ಹಳ್ಳದಿಂದ ಹೊತ್ತು ತಂದು, ಆ ಹಿಮದ ನೀರಿನ ಚಳಿ ಬಿಡಲಿ ಎಂದು ಬಿಸಿಲಿಗಿಟ್ಟು, ಆಮೇಲೆ ಹನಿಸುವುದು. ಒಂದೆರಡು ಪಾತಿಗೆ ಅದು ನಡೆಯುತ್ತಿತ್ತು.

ಈ ವಸಂತದಲ್ಲಿ ಅವಳು ಧೈರ್ಯ ಮಾಡಿದಳು. ಗುಂಡಿ ತೋಡಿ, ಮೇಲೆ ನನ್ನ ಅಂಗಡಿಯ ಪ್ಲಾಸ್ಟಿಕ್ ಹಾಳೆ ಎಳೆದು, ಒಳಗೆ ಕೋಸು, ನವಿಲುಕೋಸು, ಈರುಳ್ಳಿಯ ಸಸಿ ಎಬ್ಬಿಸಿದಳು. ಪಟ್ಟಿಯ ಕೊನೆಯ ತನಕ ಪಾತಿ ತೋಡಿದಳು. ಅದೇ ಹೊತ್ತಿಗೆ ಗುರ್ಮೆತ್ ಸುದ್ದಿ ತಂದ: ಘಾಟಿಯ ಹಿಮ ತೆರವಾದೊಡನೆ ಕ್ಯಾಂಪ್ ಶುರುವಾಗುತ್ತದೆ, ಮೇಸ್ತ್ರಿ ಅವಳನ್ನು ಮತ್ತೆ ಕರೆಯುತ್ತಿದ್ದಾನೆ, ಕೂತಲ್ಲೇ ಬೇಯಿಸಿಹಾಕಿದರೆ ಸಾಕಂತೆ.

ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ಅವನಿಗೆ ಹೇಳಿದ್ದು ಇಷ್ಟು: "ಈ ಸಲ ನನ್ನ ತೋಟಕ್ಕೆ ನನ್ನದೇ ನೀರು ಸಿಕ್ಕಿದ್ರೆ ಬರಲ್ಲ. ಸಿಗದಿದ್ರೆ ಬರ್ತೀನಿ. ಅಣ್ಣನ ಮನೆ ಹಿಟ್ಟಿಗೆ ಬಟ್ಟಲು ಹಿಡ್ಕೊಂಡು ಕೂರೋಕೆ ನನ್ನಿಂದಾಗಲ್ಲ ಕಣೋ."

"ಮಂಡಿ?" ಅಂದ ಗುರ್ಮೆತ್.

"ಮಂಡಿ ಎಲ್ಲಿದ್ರೂ ನೋಯುತ್ತೆ."

ನೀರು ಸಿಗುವುದರಲ್ಲಿ ಅನುಮಾನವೇನೂ ಇರಲಿಲ್ಲ. ಜವೆಗೋಧಿ ಮೊಳೆತು ಬೆರಳುದ್ದ ಬಂದಾಗ ಊರಿನ ಸಭೆ ಕೂಡಿ ವರ್ಷದ ನೀರಿನ ಸರದಿ ಕಟ್ಟುತ್ತದೆ. ಊರಿನ ಗೌಡ ಪಾಲ್ದನ್ ಮುಂಚೆಯೇ ಮನೆಮನೆಗೆ ಹೋಗಿ ಮಾತಾಡಿಟ್ಟಿದ್ದ. ಕುಂಜೆಸಳ ತೋಟಕ್ಕೂ ಅರ್ಧ ದಿನದ ಸರದಿ ಕೊಡೋಣ ಅಂತ. ಯಾರೂ ಇಲ್ಲ ಅನ್ನಲಿಲ್ಲ. ಅವಳು ಗುಡಿಸಿ ಕೊಟ್ಟ ಕೆಳಕೋಣೆಗಳೇ ಊರಿನಲ್ಲಿ ಅರ್ಧದಷ್ಟಿದ್ದವು.

ಎಡವಿದ್ದು ನೀರುಗಂಟಿಯ ವಿಷಯದಲ್ಲಿ. ತೂಬು ಎತ್ತುವುದು, ಮುಚ್ಚುವುದು, ಸರದಿ ಕಾಯುವುದು ಎಲ್ಲ ಅವನ ಕೆಲಸ. ವರ್ಷಕ್ಕೊಂದು ಮನೆಯಂತೆ ಅದು ತಿರುಗುತ್ತದೆ. ಈ ವರ್ಷ ಅಜ್ಜಿ ಛೋರೋಲಳ ಮನೆಗೆ ಬಂದಿತ್ತು. ಅವಳ ಮಗ ತೊಂಡುಪ್ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ಹೋದ ಚಳಿಗಾಲದಲ್ಲಷ್ಟೇ ಊರಿಗೆ ಮರಳಿದವನು. ಒಳ್ಳೆಯವನು. ನಡೆಯುವಾಗ ನೆಲಕ್ಕೆ ಏಟು ಬೀಳುತ್ತದೆ, ಮಾತಾಡುವಾಗ ಎದುರಿದ್ದವರು ನೆಟ್ಟಗೆ ನಿಲ್ಲಬೇಕು ಅನ್ನಿಸುತ್ತದೆ, ಅಷ್ಟೇ.

ಸಭೆಯಲ್ಲಿ ಅವನು ಎದ್ದು ನಿಂತು ಕೇಳಿದ. "ಅಚೆ ಕುಂಜೆಸ್, ನಿಮ್ಮ ತೋಟಕ್ಕೆ ಅರ್ಧ ದಿನದ ನೀರು. ಬೇಕಾ?"

ಅಚೆ ಅಂದರೆ ಅಕ್ಕ, ಗೌರವದಿಂದಲೇ ಕರೆದ. ಅವಳು ಮುಖದ ಮುಂದೆ ಕೈ ಆಡಿಸಿದಳು.

"ಅಯ್ಯೋ, ನನಗ್ಯಾಕಪ್ಪಾ? ಹೊಲ ಇರೋರಿಗೆ ಕೊಡಿ."

"ಅಂದ್ರೆ ಬೇಡ?"

"ಬೇಡ, ಬೇಡ. ನನ್ನದೇನು, ಒಂದು ಬೊಗಸೆ ಜಾಗ."

"ಸರಿ, ಬೇಡ. ಮುಂದೆ, ಮೇಲಿನ ಕೇರಿ!"

ನಮ್ಮಲ್ಲಿ ಏನು ಕೊಟ್ಟರೂ, ಒಂದು ಲೋಟ ಚಹಾ ಆದರೂ, ಮೂರು ಸಲ ಬೇಡ ಅನ್ನದೆ ತೆಗೆದುಕೊಳ್ಳುವುದು ಮಾನವಲ್ಲ. ಕೊಡುವವರು ಮೂರು ಸಲವೂ ಒತ್ತಾಯ ಮಾಡಬೇಕು. ಕೇಳಿದ ತಕ್ಷಣ ಹೂಂ ಅನ್ನುವವರನ್ನು ಬರಗೆಟ್ಟವರು ಅನ್ನುತ್ತಾರೆ. ಕುಂಜೆಸ್ ಎರಡು ಬೇಡ ಮುಗಿಸಿ ಮೂರನೆಯದಕ್ಕೆ ಬಾಯಿ ತೆರೆದಿದ್ದಳು. ಅದಾದ ಮೇಲೆ "ನೀವೆಲ್ಲ ಇಷ್ಟು ಹೇಳೋದಾದ್ರೆ" ಅನ್ನುವುದು ಬಾಕಿಯಿತ್ತು. ಬಾಯಿ ತೆರೆದದ್ದು ತೆರೆದೇ ಉಳಿಯಿತು. ನಮ್ಮ ಹವಾಲ್ದಾರ ಆಗಲೇ ಮೇಲಿನ ಕೇರಿಯ ಅರ್ಧ ಜನಕ್ಕೆ ಸರದಿ ಹಂಚಿಬಿಟ್ಟಿದ್ದ.

ಹಾಗಾದರೆ ಕೂತಿದ್ದವರು ಸುಮ್ಮನಿದ್ದದ್ದು ಯಾಕೆ? ಏನು ಹೇಳುವುದು? "ಅವಳು ಬೇಡ ಅಂದದ್ದು ಸುಳ್ಳು, ನಿಜವಾಗಿ ಅವಳಿಗೆ ಆಸೆಯಿದೆ" ಅಂತ ತುಂಬಿದ ಸಭೆಯಲ್ಲಿ ಹೆಂಗಸಿನ ಮಾನ ಹರಾಜು ಹಾಕುವುದೇ? ನಾನು ಪಾಲ್ದನನ ಮುಖ ನೋಡಿದೆ. ಪಾಲ್ದನ್ ಮೊರುಪನ ಮುಖ ನೋಡಿದ. ಮೊರುಪ್ ತನ್ನ ಬೂಟು ನೋಡಿಕೊಂಡ. ಕುಂಜೆಸ್ ಕೊನೆಯ ತನಕ ನಗುಮುಖದಲ್ಲೇ ಕೂತಿದ್ದು, ಎದ್ದು, ಎಲ್ಲರಿಗೂ ಜೂಲೇ ಅಂತ ಕೈಮುಗಿದು ಹೋದಳು.

ಮಾರನೆಯ ದಿನ ಅಂಗಡಿಗೆ ಬಂದಳು. "ಅಚೊ, ಆ ಪ್ಲಾಸ್ಟಿಕ್ ಹಾಳೆ ವಾಪಸ್ ತಗೋತೀರಾ?"

"ಬಿಸಿಲು ತಿಂದು ಹಪ್ಪಳ ಆಗಿರೋದನ್ನಾ? ಹುರಿದು ತಿನ್ನು ನೀನೇ. ಮೊದಲು ಹೋಗಿ ತೊಂಡುಪನಿಗೆ ಬೇಕು ಅಂತ ಹೇಳು."

"ಹೇಗೆ ಹೇಳಲಿ? ಬೇಡ ಅಂದೋಳು ನಾನೇ ಅಲ್ವಾ?"

"ನಾನು ಹೇಳಲಾ?"

"ಬೇಡ."

"ಇದು ಎಷ್ಟನೇ ಬೇಡ? ಲೆಕ್ಕ ಇಟ್ಕೋಬೇಕಲ್ಲ ನಾನು."

"ನಿಮ್ಮ ತಲೆ! ಇದು ನಿಜವಾದ ಬೇಡ. ನನ್ನ ಪರವಾಗಿ ಬೇಡೋಕೆ ಒಬ್ಬ ದಲ್ಲಾಳಿ ಬೇರೆ ಕೇಡು."

ನನ್ನ ಹೆಂಡತಿ ಹಮೀದಾ ಒಳಗಿನಿಂದ ನಕ್ಕಳು. ನಾನು ಸುಮ್ಮನಾದೆ.

ಊರು ಸುಮ್ಮನಾಗಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಜನ ಸಲಿಕೆಯಿಂದ ಹೇಳತೊಡಗಿದರು. ಯಾರ ಸರದಿ ಬಂದರೂ ಅವರ ಬದುವಿನಲ್ಲಿ, ಕುಂಜೆಸಳ ತೋಟದ ಕಡೆಗೆ, ಒಂದು ತೂತು ಕಾಣಿಸಿಕೊಳ್ಳುತ್ತಿತ್ತು. ತೊಂಡುಪ್ ಸಲಿಕೆ ಹಿಡಿದು ಬದುವಿನ ಮೇಲೆ ಗಸ್ತು ತಿರುಗುವನು. ತೂತಿಗೆ ಹುಲ್ಲುಹೆಂಟೆ ತುರುಕಿ, ಮೇಲೆ ಬೂಟುಗಾಲಿನಿಂದ ತುಳಿಯುವನು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಇಲಿ.

ಒಂದು ಬೆಳಗ್ಗೆ ಅವನ ಸ್ವಂತ ಹೊಲದ ಬದುವಿನಲ್ಲೇ ತೋಳು ತೂರುವಷ್ಟು ದೊಡ್ಡ ತೂತು. ಪಕ್ಕದಲ್ಲಿ ಅವನ ತಾಯಿ ಛೋರೋಲ್ ಜಪಮಣಿ ತಿರುಗಿಸುತ್ತ ಕೂತಿದ್ದಳು, ಮೊಣಕೈ ತನಕ ಕೆಸರು.

"ಅಮ್ಮಾ, ಇದೂ ಇಲೀನಾ?"

"ಹೂಂ ಕಣಪ್ಪ."

"ಇಷ್ಟು ದೊಡ್ಡದಾ?"

"ಮುದಿ ಇಲಿ ಇರಬೇಕು," ಅಂದಳು ಛೋರೋಲ್.

ಅವನು ಆ ತೂತನ್ನೂ ಮುಚ್ಚಿದ. ಕದ್ದು ಹರಿದ ನೀರು ಹೇಗೂ ದಾರಿಯಲ್ಲೇ ಮಣ್ಣಿಗೆ ಇಂಗಿಹೋಗುತ್ತಿತ್ತು, ಕುಂಜೆಸಳ ಗೋಡೆ ಮುಟ್ಟಿದ್ದು ಕಡಿಮೆ. ಅವಳು ಹಳ್ಳದಿಂದ ಹೊರುತ್ತಲೇ ಇದ್ದಳು. ಹಗಲು ಪ್ಲಾಸ್ಟಿಕ್ ಸರಿಸಿ ಸಸಿಗಳಿಗೆ ಗಾಳಿ ಬಿಸಿಲಿನ ರೂಢಿ ಮಾಡಿಸುವುದು, ಸಂಜೆ ಮತ್ತೆ ಎಳೆಯುವುದು. ಸಸಿಗಳು ಆಗಲೇ ಗುಂಡಿಯೊಳಗೆ ಕತ್ತು ಉದ್ದ ಮಾಡಿ, ನಮ್ಮನ್ನು ಯಾವಾಗ ಕರೆದುಕೊಂಡು ಹೋಗುತ್ತೀ ಅನ್ನುವ ಹಾಗೆ ಇಣುಕುತ್ತಿದ್ದವು. ಇನ್ನು ಕೆಲವೇ ದಿನ. ಆಮೇಲೆ ಕಿತ್ತು ನೆಟ್ಟರೂ ಗಡ್ಡೆ ಕಟ್ಟುವುದಿಲ್ಲ. ಇತ್ತ ಕಾಡುಗುಲಾಬಿ ಪೊದೆಗಳು ಕೆಂಪಾಗತೊಡಗಿದವು. ಘಾಟಿ ತೆರೆಯಿತು ಅಂತ ಗುರ್ಮೆತ್ ಹಾರ್ನ್ ಬಾರಿಸುತ್ತ ಬಂದ. ನಾಳಿದ್ದು ಬೆಳಗ್ಗೆ ಲಾರಿ ಹೊರಡುತ್ತದೆ ಅಂದ.

ಅವತ್ತು ಮಧ್ಯಾಹ್ನ ಅವಳ ಗೋಡೆಯ ಮೇಲೆ ಹಾಸಿಗೆ, ರಜಾಯಿ ಬಿಸಿಲಿಗೆ ಬಿದ್ದಿದ್ದನ್ನು ಹಮೀದಾ ನೋಡಿ ಬಂದಳು. ಯಾರೂ ಏನೂ ಕೇಳುವ ಹಾಗಿರಲಿಲ್ಲ. ಗಂಟು ಕಟ್ಟುವ ಮುಂಚೆ ಬಿಸಿಲು ತೋರಿಸುತ್ತಾರೆ, ಅಷ್ಟೇ.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ತೊಂಡುಪ್ ಟಾರ್ಚಿನ ಸೆಲ್ ಕೊಳ್ಳಲು ಅಂಗಡಿಗೆ ಬಂದ. ಇಲಿಗಳನ್ನು ಹಿಡಿಯಲು ಬೇಕಂತೆ. ಹಮೀದಾ ಉಪ್ಪು ಬೆಣ್ಣೆಯ ಚಹಾ ತಂದಳು.

"ಬೇಡ, ಈಗಷ್ಟೇ ಕುಡಿದು ಬಂದೆ," ಅಂದ.

ಹಮೀದಾ ಬಟ್ಟಲು ಅವನ ಮುಂದಿಟ್ಟಳು. ಅವನು ಅಂಗೈಯಿಂದ ಅದರ ಬಾಯಿ ಮುಚ್ಚಿದ. "ಬೇಡ ಅತ್ತೆ, ನಿಜವಾಗ್ಲೂ." ಹಮೀದಾ ಅವನ ಬೆರಳಿನ ಸಂದಿಗೆ ಕೆಟಲಿನ ಮೂತಿ ಗುರಿಯಿಟ್ಟಳು. "ಅಯ್ಯೋ, ಸಾಕು ಸಾಕು," ಅನ್ನುತ್ತ ಕೈ ತೆಗೆದ. ಬಟ್ಟಲು ತುಂಬಿತು. ಒಂದೇ ಗುಟುಕಿಗೆ ಅರ್ಧ ಖಾಲಿ ಮಾಡಿ ಮೀಸೆ ಒರೆಸಿಕೊಂಡ.

ಇಂಥ ಸರಕು ತಾನಾಗಿ ತಕ್ಕಡಿಗೆ ಬಂದು ಬಿದ್ದಾಗ ಬಿಡುವುದುಂಟೇ? "ಯಾಕಪ್ಪ ಕುಡೀತಿದ್ದೀಯ?" ಅಂದೆ. "ಬೇಡ ಅಂದೆಯಲ್ಲ."

"ಅನ್ನಬೇಕಲ್ಲ ಅಜಂಗ್, ಮರ್ಯಾದೆಗೆ." ಹಿರಿಯ ಮಾವಂದಿರನ್ನು ನಮ್ಮಲ್ಲಿ ಅಜಂಗ್ ಎನ್ನುವುದು.

"ಮೂರು ಸಲ ಅಂದೆ. ನಾನು ಎಣಿಸಿದೆ. ಹಮೀದಾ, ಇನ್ನು ಮೇಲೆ ಹವಾಲ್ದಾರರು ಒಂದು ಸಲ ಬೇಡ ಅಂದ ತಕ್ಷಣ ಕೆಟಲು ಎತ್ಕೊಂಡು ಒಳಗೆ ಹೋಗು. ಮುಂದೆ, ಮೇಲಿನ ಕೇರಿ!"

ಅವನು ನಕ್ಕ. ಆಮೇಲೆ ನಗು ನಿಂತಿತು. ಬಟ್ಟಲನ್ನು ತುಟಿಯವರೆಗೆ ಎತ್ತಿದವನು ಹಾಗೇ ಹಿಡಿದುಕೊಂಡ. ಕಿವಿಯಿಂದ ಶುರುವಾಗಿ ಕುತ್ತಿಗೆಯ ತನಕ ಕೆಂಪಾಯಿತು.

"ಅದಕ್ಕಾ ಊರು ತುಂಬ ಇಲಿ?" ಅಂದ ಮೆಲ್ಲಗೆ.

"ಹೊರಗಿನವರ ಮುಂದೆ ಹೇಳ್ಕೊಳ್ಳೋ ಮಾತಲ್ಲ ಇದು," ಅಂದಳು ಹಮೀದಾ. "ನಮ್ಮ ನೀರುಗಂಟಿಗೆ ನಮ್ಮ ಬೇಡ ಅರ್ಥ ಆಗಲ್ಲ ಅಂತ."

"ಸೈನ್ಯದಲ್ಲಿ ಬೇಡ ಅಂದ್ರೆ ಬೇಡ ಅತ್ತೆ. ಬೇಕು ಅಂದ್ರೂ ಎಷ್ಟೋ ಸಲ ಬೇಡಾನೇ."

ಅಷ್ಟರಲ್ಲಿ ಬಾಗಿಲಿನಲ್ಲಿ ಕುಂಜೆಸ್. ಎರಡೂ ಕೈಯಲ್ಲಿ ಒಂದು ಅಗಲದ ತಟ್ಟೆ, ಅದರ ತುಂಬ ಬೇರಿಗೆ ಒದ್ದೆ ಬಟ್ಟೆ ಸುತ್ತಿದ ಕೋಸಿನ ಸಸಿಗಳು. ತೊಂಡುಪನನ್ನು ನೋಡಿ ಹೊಸಿಲಲ್ಲೇ ನಿಂತಳು. "ಯಾರಿಗಾದ್ರೂ ಬೇಕಾದ್ರೆ ಕೊಡಿ ಅಚೊ," ಅಂದಳು. "ನೀರಿರೋರು ನೆಟ್ಕೊಳ್ಳಲಿ. ಸುಮ್ಮನೆ ಒಣಗಿ ಸಾಯೋದು ಯಾಕೆ." ತಟ್ಟೆಯನ್ನು ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. ಒಂದು ಎಲೆ ಮಡಚಿಕೊಂಡಿತ್ತು, ಬೆರಳಿನಿಂದ ಅದನ್ನು ಬಿಡಿಸಿದಳು.

ತೊಂಡುಪ್ ಎದ್ದು ನಿಂತ. ತಲೆ ಮೇಲಿನ ತೊಲೆಗೆ ಬಡಿಯಿತು. "ಅಚೆ, ಸಭೇಲಿ ನಾನು ನಿಮ್ಮನ್ನ ಸರಿಯಾಗಿ ಕೇಳಲಿಲ್ಲ."

"ಕೇಳಿದ್ಯಲ್ಲಪ್ಪ. ನಾನೇ ಬೇಡ ಅಂದೆ."

"ಈಗ ಸರದಿ ಕೊಡಬೇಕಂದ್ರೆ ಯಾರದ್ದಾದ್ರೂ ಕಿತ್ತು ಕೊಡಬೇಕು. ಎಲ್ಲ ಹಂಚಿ ಆಯ್ತು."

"ಕಿತ್ತ ನೀರು ನನಗೆ ಬೇಡ."

"ಇದೂ ನಿಜವಾದ ಬೇಡ," ಅಂತ ನಾನು ತೊಂಡುಪನಿಗೆ ವಿವರಿಸಿದೆ. ಕುಂಜೆಸ್ ನನ್ನತ್ತ ನೋಡಿದ ನೋಟಕ್ಕೆ ಅಂಗಡಿಯ ಬೆಲ್ಲ ಕರಗಬೇಕು.

ತೊಂಡುಪ್ ಟಾರ್ಚಿನ ಸೆಲ್ಲನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತ. "ಒಂದು ನೀರಿದೆ," ಅಂದ ಕೊನೆಗೆ. "ದಿನಾ ಸಂಜೆ ಕೆರೆಯ ತೂಬು ಮುಚ್ತೀನಲ್ಲ, ಆಗ ಎಲ್ಲರೂ ತಮ್ಮ ತಮ್ಮ ಹೊಲದ ಮಡೆಬಾಯಿ ಮುಚ್ಚಿ ಚಹಾ ಕುಡಿಯೋಕೆ ಹೋಗ್ತಾರೆ. ಆದ್ರೆ ಕಾಲುವೇಲಿ ತೂಬಿನಿಂದ ಕೆಳತುದಿ ತನಕ ಇರೋ ನೀರು ಇದ್ದೇ ಇರುತ್ತೆ. ಅದು ಯಾರ ಸರದೀನೂ ಅಲ್ಲ. ನಿಮ್ಮ ಗೋಡೆ ಪಕ್ಕದಲ್ಲೇ ಹೋಗಿ ಹಳ್ಳಕ್ಕೆ ಬೀಳುತ್ತೆ. ದಿನಾ ನೋಡ್ತೀನಿ, ಹೊಟ್ಟೆ ಉರಿಯುತ್ತೆ."

"ನಾನೂ ನೋಡ್ತೀನಿ," ಅಂದಳು ಕುಂಜೆಸ್. "ಕೇಳದೆ ತಿರುಗಿಸಿಕೊಂಡ್ರೆ ಕಳ್ಳತನ."

"ಸರದಿ ಬದಲಿಸೋಕೆ ಸಭೆ ಬೇಕು. ಸರದಿಗೆ ಸೇರದ ನೀರನ್ನ ಎತ್ತ ತಿರುಗಿಸಬೇಕು ಅನ್ನೋದು ನೀರುಗಂಟಿ ಕೈಲಿದೆ. ಜಾಸ್ತಿ ಏನಿಲ್ಲ, ಕಾಲುವೆ ಬಾಲ ಅಷ್ಟೇ. ಆದ್ರೆ ದಿನಾ ಬರುತ್ತೆ." ಗಂಟಲು ಸರಿಮಾಡಿಕೊಂಡ. "ಬೇಕಾ ಅಚೆ?"

ಕುಂಜೆಸಳ ಕೈ ಮೇಲೆದ್ದಿತು. ಮುಖದ ಮುಂದೆ ಆಡಿಸುವ ಅದೇ ಕೈ. ತೊಂಡುಪ್ ಎರಡನೆಯ ಸಲ ಕೇಳುವುದಕ್ಕೆ, ಮೂರನೆಯ ಸಲ ಕೇಳುವುದಕ್ಕೆ, ಬೇಕಾದರೆ ಸಂಜೆಯ ತನಕ ಕೇಳುವುದಕ್ಕೆ ಸಿದ್ಧನಾಗಿ ಎದೆಯುಬ್ಬಿಸಿ ನಿಂತಿದ್ದ. ಕೈ ಅರ್ಧದಲ್ಲೇ ನಿಂತಿತು. ಇಳಿದು ತಟ್ಟೆಯ ಅಂಚು ಹಿಡಿಯಿತು.

"ಬೇಕು," ಅಂದಳು.

ನನ್ನ ಅಂಗಡಿಯಲ್ಲಿ ಅಷ್ಟು ಬೋಳು ಮಾತು ಅದುವರೆಗೆ ಯಾರೂ ಆಡಿರಲಿಲ್ಲ. ಹೊಸಿಲಾಚೆ ಬಿಸಿಲಿಗೆ ಮಲಗಿದ್ದ ನಾಯಿ ಕೂಡ ತಲೆ ಎತ್ತಿತು. ಕುಂಜೆಸಳಿಗೇ ಗಾಬರಿಯಾಗಿರಬೇಕು; ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ, "ನನಗೆ ನೀರು ಬೇಕು. ಇವತ್ತೇ ಬೇಕು," ಅಂತ ಇನ್ನೆರಡು ಸಲ ಹೇಳಿ, ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟಳು. ಅದರಲ್ಲಿ ಅರ್ಧ ಸಸಿಗಳನ್ನು ನಾನು ಮನಸ್ಸಿನಲ್ಲೇ ಯಾರು ಯಾರಿಗೋ ಮಾರಿಬಿಟ್ಟಿದ್ದೆ. ಹೋಗಲಿ.

ಸಂಜೆ ಅಂಗಡಿಯ ಬಾಗಿಲು ಹಾಕಿ ನಾನೂ ಹೋದೆ. ಸೂರ್ಯ ಪಶ್ಚಿಮದ ಸಾಲಿನ ಹಿಂದೆ ಇಳಿದಿದ್ದ. ಎದುರು ಬೆಟ್ಟದ ತುದಿಯಲ್ಲಿ ಮಾತ್ರ ಹಳದಿ ಬೆಳಕು. ಗೋಡೆಗೆ ಒಂದು ಕಿಂಡಿ ಮಾಡಿ, ಸಲಿಕೆ ಹಿಡಿದು ಕುಂಜೆಸ್ ಕಾಯುತ್ತ ನಿಂತಿದ್ದಳು. ಛೋರೋಲ್ ಬಂದಿದ್ದಳು, ಹಮೀದಾ ಬಂದಿದ್ದಳು. ಸುತ್ತ ಏನೂ ಕೆಲಸವಿಲ್ಲದವರ ಹಾಗೆ ಇನ್ನೂ ಕೆಲವರು ನಿಂತಿದ್ದರು. ಮೇಲೆ ಕೆರೆಯ ಕಡೆಯಿಂದ ತೊಂಡುಪನ ಶಿಳ್ಳೆ ಕೇಳಿಸಿತು. ತೂಬು ಮುಚ್ಚಿತ್ತು.

ನೀರು ಬಂತು. ಕಾಲುವೆಯಿಂದ ಕಿಂಡಿಗೆ ತಿರುಗಿ, ಒಣ ಹುಲ್ಲಿನ ಎಸಳುಗಳನ್ನು ತಲೆಯ ಮೇಲೆ ಹೊತ್ತುಕೊಂಡು, ಮೊದಲನೆಯ ಪಾತಿಗೆ ಇಳಿಯಿತು. ಇಳಿದದ್ದೇ ಮಾಯ. ಬರಿಯ ಕಲ್ಲಿದ್ದ ನೆಲ, ವರ್ಷಗಳ ದಾಹ. ಎರಡನೆಯ ಪಾತಿಗೆ ಬರುವಾಗ ನಾಲಿಗೆಯಷ್ಟು ತೆಳ್ಳಗಾಗಿತ್ತು. ಮೂರನೆಯದರ ಬಾಯಲ್ಲಿ ನಿಂತೇಬಿಟ್ಟಿತು.

"ಆಯ್ತು ಬಿಡು," ಅಂದಳು ಛೋರೋಲ್. "ಎರಡು ಪಾತಿಗಾದ್ರೂ ಆಯ್ತಲ್ಲ."

ಕುಂಜೆಸ್ ಮಂಡಿಯೂರಿ ನೀರಿಗೆ ಕೈಯಿಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ. "ಬೆಚ್ಚಗಿದೆ," ಅಂದಳು.

ನಾನೂ ಬಗ್ಗಿ ಮುಟ್ಟಿದೆ. ಹಗಲೆಲ್ಲ ಬಿಸಿಲಿನಲ್ಲಿ ಕಾಲುವೆಯುದ್ದಕ್ಕೂ ಸುತ್ತಾಡಿ ಬಂದ ನೀರು. ಬೆಳಗಿನ ಸರದಿಯವರಿಗೆ ಬರುವ ಹಲ್ಲು ಕಡಿಸುವ ನೀರಲ್ಲ. ಮಗುವಿಗೆ ಮೀಯಿಸಬಹುದಾದಂಥದು. ಜವೆಗೋಧಿಗೆ ಅದು ಎಲ್ಲಿಗೂ ಸಾಲದು. ಎಳೆ ಬೇರಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ತಂಗಿದ್ದ ನೀರೂ ಬಂದು ಸೇರಿತು. ನಿಂತದ್ದು ಮೆಲ್ಲನೆ ತೆವಳಿ ಮೂರನೆಯ ಪಾತಿಗೆ, ಅಲ್ಲಿಂದ ಮುಂದಕ್ಕೆ ಹೋಯಿತು. ಕೊನೆಯ ಪಾತಿಗಳು ಅವತ್ತು ಒಣಗೇ ಉಳಿದವು. "ನಾಳೆ," ಅಂದಳು ಕುಂಜೆಸ್ ಅವುಗಳಿಗೆ, ನಮಗಲ್ಲ.

ಬೆಳಕು ಪೂರ್ತಿ ಹೋಗುವ ಮುಂಚೆ ಒದ್ದೆ ಪಾತಿಗಳಲ್ಲೆಲ್ಲ ಸಸಿ ಕೂತವು. ಹೆಂಗಸರು ಗುಳಿ ಮಾಡಿದರು, ಕುಂಜೆಸ್ ನೆಟ್ಟಳು. ತೊಂಡುಪ್ ಇಳಿದು ಬಂದವನು ಸಾಲು ಸೊಟ್ಟಗಿದೆ ಅಂತ ತಕರಾರು ತೆಗೆದ. "ಇದು ಪೆರೇಡ್ ಅಲ್ಲ, ಕೋಸು," ಅಂತ ತಾಯಿ ಗದರಿದಳು.

ಬೆಳಗ್ಗೆ ಗುರ್ಮೆತ್ ಲಾರಿಯನ್ನು ಹಳ್ಳದ ಬಳಿ ನಿಲ್ಲಿಸಿ ಹಾರ್ನ್ ಬಾರಿಸಿದ. ಸೆಣಬಿನ ಚೀಲ ತಲುಪಿಸುವ ನೆಪದಲ್ಲಿ ನಾನೂ ಅಲ್ಲೇ ಇದ್ದೆ. ಮುಚ್ಚಲು ಏನೂ ಸಾಲದೆ ಅವಳು ಬಿಸಿಲು ತೋರಿಸಿಟ್ಟಿದ್ದ ರಜಾಯಿಯನ್ನೇ ಪಾತಿಗಳ ಮೇಲೆ ಕಡ್ಡಿ ನಿಲ್ಲಿಸಿ ಹೊದಿಸಿದ್ದಳು. ರಜಾಯಿಯ ಮೇಲೆ ಬಿಳಿ ಮಂಜು ಉಪ್ಪಿನಂತೆ ಕೂತಿತ್ತು.

"ಗಂಟು ಎಲ್ಲಿ?" ಅಂದ ಗುರ್ಮೆತ್.

"ಬರಲ್ಲ ಕಣೋ."

"ಮೇಸ್ತ್ರಿಗೆ ಏನು ಹೇಳ್ಲಿ?"

"ಕೋಸು ನನ್ನ ರಜಾಯಿ ಹೊದ್ಕೊಂಡು ಮಲಗಿದೆ, ಎಬ್ಬಿಸೋಕೆ ಮನಸಿಲ್ಲ ಅಂತ ಹೇಳು."

ಅವನು ತಲೆ ಕೆರೆದುಕೊಂಡು ಗೇರು ಹಾಕಿದ. ಆ ಮಾತು ಘಾಟಿ ತಲುಪುವ ಹೊತ್ತಿಗೆ ಏನೇನಾಗುತ್ತದೋ, ನಾನು ಹೊಣೆಯಲ್ಲ.

ಬಿಸಿಲು ಗೋಡೆ ದಾಟಿ ಒಳಗೆ ಬಂದ ಮೇಲೆ ಅವಳು ರಜಾಯಿ ಸರಿಸಿದಳು. ಸಸಿಗಳು ಬಿದ್ದುಕೊಂಡೇ ಇದ್ದವು, ಸೋತ ಕುಸ್ತಿಪಟುಗಳ ಹಾಗೆ. ಎಲ್ಲ ಹೋಯಿತು ಅಂದುಕೊಂಡೆ ನಾನು. ಅವಳು ಮಾತ್ರ ಗಡಿಬಿಡಿಯಿಲ್ಲದೆ ಹಳೆಯ ಜವೆ ಹುಲ್ಲು ತಂದು ಬುಡಕ್ಕೆ ಹರಡುತ್ತ ಹೋದಳು. ನಾನು ಚೀಲ ಇಳಿಸಿ, ಹಿಂದಿನ ವರ್ಷದ ಬೇಲಿಯ ಮುಳ್ಳು ಸರಿಮಾಡಿ, ಮತ್ತೆ ತಿರುಗಿ ನೋಡುವಾಗ ಒಂದು ಎಲೆ ನೆಲ ಬಿಟ್ಟು ಎದ್ದಿತ್ತು. ಪಕ್ಕದ್ದೂ ಏಳುವ ಹವಣಿಕೆಯಲ್ಲಿತ್ತು.

ದಾರಿಯಲ್ಲಿ ತೊಂಡುಪ್ ಸಲಿಕೆ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ.

"ಏಯ್ ಹವಾಲ್ದಾರ್!" ಅಂತ ಅವಳು ಗೋಡೆಯ ಮೇಲಿಂದ ಕೂಗಿದಳು. "ಇವತ್ತು ತೂಬು ಮುಚ್ಚೋ ಮುಂಚೆ ಮೇಲಿನ ತಿರುವಿನಲ್ಲಿ ಹೂಳು ತೆಗೆಸು. ಅಲ್ಲಿ ನನ್ನ ನೀರು ನಿಂತುಬಿಡುತ್ತೆ."

ತೊಂಡುಪ್ ನಿಂತ. "ನನ್ನ ನೀರು ಅಂತೆ! ನಿನ್ನೆ ತನಕ ಒಂದು ಬೊಗಸೆ ಜಾಗಕ್ಕೆ ನೀರ್ಯಾಕೆ ಅಂತಿದ್ರಿ."

"ನಿನ್ನೆದು ನಿನ್ನೆಗೆ. ತೆಗೆಸ್ತೀಯೋ ಇಲ್ವೋ?"

"ತೆಗೆಸ್ತೀನಿ ಮಹಾತಾಯಿ," ಅಂದ, ನನ್ನ ಕಡೆ ನೋಡಿ. "ಅಜಂಗ್, ನಾವು ಇವರ ಬಾಯಿಂದ ಆ ಮಾತು ಹೊರಡಿಸಬಾರದಿತ್ತು. ಇನ್ನು ವರ್ಷವಿಡೀ ನನಗೆ ಇದೇ ಗತಿ."

ನಾನು ಅವನ ಪರವಾಗಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಲ್ಲಿನ ಕಂತೆ ಹಿಡಿದುಕೊಂಡು ಕುಂಜೆಸ್ ಬೆನ್ನಿಗೇ ಬಂದು ನಿಂತಿದ್ದಳು.

"ಕಾಲು ಎತ್ತಿ ಅಚೊ," ಅಂದಳು. "ಈರುಳ್ಳಿ ಮೇಲೆ ನಿಂತಿದ್ದೀರಿ."